ಮುರೈ ಹಕ್ಕಿಯ ಮೇಲಿನ ಸ್ವರ

ಪಂಜರದ ಕೆಳಗೆ ಕುಕ್ಕರಗಾಲಲ್ಲಿ ಕೂತು ವಗಿರಾನ್ ಹಕ್ಕಿಯ ಗಂಟಲನ್ನೇ ನೋಡುತ್ತಿದ್ದ. ಕಪ್ಪು ಗಂಟಲು ಉಬ್ಬಿತು, ಉದ್ದ ಬಾಲ ಬಡಿಯಿತು, ಕೆಳಗಿನ ಸಿಳ್ಳೆಗಳೆಲ್ಲ ಸರಿಯಾಗಿಯೇ ಬಂದವು. ಆಮೇಲೆ ಬರಬೇಕಾದದ್ದು ಬರಲಿಲ್ಲ. ಕೊಕ್ಕು ತೆರೆದೇ ಇತ್ತು, ಒಳಗಿಂದ ಬರೀ ಗಾಳಿ.

"ಕೂಗ್ತಾನೇ ಇದೆಯಲ್ಲ, ಇನ್ನೇನ್ ಬೇಕಂತೆ?" ಒಲೆಯ ಮುಂದೆ ಸೋಯಾಕಾಳಿನ ತೆಂಪೆ ಕರಿಯುತ್ತಿದ್ದ ಹೆಂಡತಿ ರುಮಿನಿ ಅಂದಳು. "ಬೆಳಿಗ್ಗೆಯಿಂದ ನನ್ ತಲೆ ತೂತಾಗಿದೆ."

"ನಿಂಗೇನ್ ಗೊತ್ತು. ಕಾಗೆ ಕೂಗಿದ್ರೂ ಒಂದೇ ನಿಂಗೆ, ಇದು ಕೂಗಿದ್ರೂ ಒಂದೇ."

ಒಂದು ಇಡೀ ಮಳೆಗಾಲ ಪಂಜರಕ್ಕೆ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಕಾಡಿನ ಪುಟ್ಟ ಹಕ್ಕಿಯೊಂದನ್ನು ನೇತುಹಾಕಿ, ಅದರ ಸೂಜಿಯಂಥ ಸ್ವರವನ್ನು ಈ ಮುರೈಗೆ ಕಲಿಸಿದ್ದ. ಭಾನುವಾರದ ಹಕ್ಕಿಹಾಡಿನ ಪಂದ್ಯಗಳಲ್ಲಿ ಆ ಸ್ವರ ಕೇಳಿದರೆ ಸಾಕು, ತೀರ್ಪುಗಾರರ ಬಾವುಟ ಇವನ ಪಂಜರದ ಮುಂದೆ ನಿಲ್ಲುತ್ತಿತ್ತು. ಸಾಮಾನ್ಯ ಮಾತ್ರೆಗೆ ಬಗ್ಗದ ಕ್ಷಯ ಅಂಟಿದ ಮೇಲೆ, ಕಾರ್ಖಾನೆಯಲ್ಲಿ ಮರದ ಕುರ್ಚಿಗಳಿಗೆ ಉಪ್ಪುಕಾಗದ ಉಜ್ಜುವ ಅವನ ಕೆಲಸ ಹೋಯಿತು. ಮಾಲೀಕ ಗೇಟಿನ ಹೊರಗೇ ನಿಲ್ಲಿಸಿ ಕಳಿಸಿದ. ದಿನಾ ಬೆಳಿಗ್ಗೆ ಆರೋಗ್ಯ ಕೇಂದ್ರದಲ್ಲಿ ಒಂದು ಚುಚ್ಚುಮದ್ದು. ಮನುಷ್ಯ ಅಂತ ತನ್ನನ್ನು ಯಾರಾದರೂ ಲೆಕ್ಕಕ್ಕೆ ತಗೊಳ್ಳಲು ಉಳಿದಿದ್ದ ಕಾರಣ ಈ ಹಕ್ಕಿ ಮಾತ್ರ.

ಅದೂ ಈಗ ಕೆಟ್ಟಿತ್ತು. ಸೂರಿನ ಗುಬ್ಬಿಗಳ ಸಹವಾಸದಿಂದಲೇ ಕೆಟ್ಟಿದ್ದು ಎಂದು ಅವನು ತೀರ್ಮಾನಿಸಿದ್ದ. ಹಕ್ಕಿಯ ಮೇವಿಗೆಂದು ಡಬ್ಬಿಯಲ್ಲಿ ಸಾಕಿದ್ದ ಜೀರುಂಡೆಗಳನ್ನು ಮೊದಲಿಗಿಂತ ಹೆಚ್ಚು ತಿನ್ನಿಸಿ ನೋಡಿದ. ಬಿಸಿಲಿಗಿಟ್ಟ. ಪಂಜರ ಬದಲಿಸಿದ.

ಮೂಲೆಮನೆಯ ಕೆಲಿಕ್ ಬಂದಾಗ ವಗಿರಾನ್ ಪಂಜರದ ಕಡೆ ಗದ್ದ ಎತ್ತಿ ತೋರಿಸಿದ. "ನೋಡೋ, ಮೇಲಿನ ಸ್ವರ ಬಿಟ್ಬಿಟ್ಟಿದೆ. ಹಾಳಾಯ್ತು."

ಹಕ್ಕಿ ಮತ್ತೆ ಬಾಲ ಬಡಿದು ಕೊಕ್ಕು ತೆರೆಯಿತು. ಬಾಯಿಗೆ ಹೋಗುತ್ತಿದ್ದ ಕೆಲಿಕ್‌ನ ಸಿಗರೇಟು ಅರ್ಧದಲ್ಲೇ ನಿಂತಿತು. ಅವನು ಹಕ್ಕಿಯನ್ನು ನೋಡಿದ, ವಗಿರಾನ್‌ನನ್ನು ನೋಡಿದ.

"ಹೌದಣ್ಣ," ಅಂದ ಕೊನೆಗೆ. "ಬಿಟ್ಟಿದೆ."

"ತಗೊಂಡ್ಹೋಗು ಮಾರಾಯ. ಬದಲಿಗೆ ನಿನ್ನ ಮುದಿ ಬೆಳವನ ಹಕ್ಕಿ ಕೊಡು. ಅದಾದ್ರೂ ನೆಟ್ಟಗೆ ಗುಟುರು ಹಾಕುತ್ತೆ."

ರುಮಿನಿ ಕೊಟ್ಟ ಚಹಾವನ್ನೂ ಕೆಲಿಕ್ ಮುಗಿಸಲಿಲ್ಲ. ಆಗಲೇ ಬೆಳವ ತಂದಿಟ್ಟು ಪಂಜರ ಹೊತ್ತುಕೊಂಡ, ಜೀರುಂಡೆ ಡಬ್ಬಿಯನ್ನೂ ಕಂಕುಳಲ್ಲಿ ಇಟ್ಟುಕೊಂಡ.

ಸಂಜೆ ಮನೆ ಬಣಗುಟ್ಟಿತು. ವಗಿರಾನ್ ಬೆಂಚು ಸರಿಸಿದ, ಅಕ್ಕಿ ಡ್ರಮ್ಮಿನ ಹಿಂದೆ ಟಾರ್ಚು ಬಿಟ್ಟ. "ಒಂದು ಜೀರುಂಡೆ ತಪ್ಪಿಸ್ಕೊಂಡಿದೆ. ಚಪ್ಪಲಿ ತಾರೇ."

"ಯಾವ ಜೀರುಂಡೆ?"

"ಕೇಳ್ಸಲ್ವಾ? ಕಿರ್ರ್ ಅಂತಾನೇ ಇದೆ."

ರುಮಿನಿ ಒಲೆ ಆರಿಸಿ ಕಿವಿಗೊಟ್ಟಳು. "ಏನೂ ಇಲ್ಲ ಕಣ್ರೀ."

ಅವನು ಎರಡೂ ಕಿವಿಗೆ ಅಂಗೈ ಒತ್ತಿದ. ಜೀರುಂಡೆ ನಿಲ್ಲಲಿಲ್ಲ. ಇನ್ನೂ ಜೋರಾಯಿತು.

"ಕಿವಿಯಲ್ಲಿ ಸದ್ದು ಬರುತ್ತಾ ಅಂತ ನಾನ್ ಕೇಳ್ತಾನೇ ಇದ್ದೆ," ಮರುದಿನ ಆರೋಗ್ಯ ಕೇಂದ್ರದ ನರ್ಸ್ ಪುರ್ವಾಂತಿ ಅಂದಳು. "ಇಲ್ಲ ಇಲ್ಲ ಅಂದ್ರಿ."

"ಜೀರುಂಡೆ ಅನ್ಕೊಂಡೆ. ಮನೇಲಿ ಸಾಕಿದ್ವಲ್ಲ."

ಪುರ್ವಾಂತಿ ನಗಲಿಲ್ಲ. "ಈ ಮದ್ದು ರೋಗದ ಹುಳಾನೂ ಕೊಲ್ಲುತ್ತೆ, ಕಿವಿ ಒಳಗೆ ಕೂದಲಿನಂಥ ಎಳೆ ಇರೋ ಜೀವಕಣಗಳಿವೆ, ಅವನ್ನೂ ಕೊಲ್ಲುತ್ತೆ. ಮೊದಲು ಹೋಗೋದು ತೀರಾ ಮೇಲಿನ ಸ್ವರ. ಆಮೇಲೆ ಮನುಷ್ಯರ ಮಾತು."

"ಮತ್ತೆ ಹುಟ್ಟುತ್ವಾ?"

"ಇಲ್ಲ."

ಕಿವಿ ಪರೀಕ್ಷಿಸುವ ಯಂತ್ರ ನಗರದಲ್ಲಿತ್ತು, ಕಿವಿ ಇಲ್ಲಿತ್ತು. ಎರಡನ್ನೂ ಒಂದು ಕಡೆ ತರುವುದು ಯಾರ ಕೆಲಸವೂ ಆಗಿರಲಿಲ್ಲ.

"ಸೂಜಿ ನಿಲ್ಲಿಸಿದ್ರೆ?" ಅಂದ ವಗಿರಾನ್.

"ಶ್ವಾಸಕೋಶ ಉಳಿಯಲ್ಲ. ಡಾಕ್ಟ್ರು ಬೇರೆ ಮಾತ್ರೆಗೆ ಬರೆದಿದ್ದಾರೆ. ಅದು ಬರೋವರೆಗೂ ಇದೇ."

"ಯಾವಾಗ ಬರುತ್ತೆ?"

ಪುರ್ವಾಂತಿ ಮದ್ದಿನ ಸೀಸೆಯನ್ನು ಅಲುಗಾಡಿಸುತ್ತ ನಿಂತಳು. ಜೊತೆಗೆ ಬಂದಿದ್ದ ರುಮಿನಿಯೇ ಅಂದಳು, "ಚುಚ್ಚಮ್ಮಾ. ಕಿವುಡ ಗಂಡ ಸಾಕು ನಂಗೆ. ಹೆಣ ಬೇಡ."

ವಗಿರಾನ್ ಮಂಚದ ಮೇಲೆ ಬೋರಲಾಗಿ ಮಲಗಿ, ತಾನೇ ಪ್ಯಾಂಟು ಸ್ವಲ್ಪ ಕೆಳಗಿಳಿಸಿಕೊಂಡ. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. ಗೋಡೆಯ ಮೇಲೊಂದು ಹಲ್ಲಿ ಇತ್ತು. ಅದನ್ನು ನೋಡುತ್ತಿದ್ದ.

ದಾರಿಯುದ್ದಕ್ಕೂ ರುಮಿನಿ ಕುದಿಯುತ್ತಿದ್ದಳು. "ಆ ಕೆಲಿಕ್ ಕಳ್ಳನ್ಮಗ! ಆ ಸ್ವರ ಅವನಿಗೆ ಕೇಳ್ಸಿತ್ತು ಕಣ್ರೀ. ಗೊತ್ತಿದ್ದೂ ಹೊತ್ಕೊಂಡು ಹೋದ. ಹೋಗಿ ಕಿತ್ಕೊಂಡು ಬನ್ನಿ."

ಅವನು ಹೋದ. ಮಾಸ್ಕಿನ ಮೇಲಿನ ಕಣ್ಣು ಕಂಡದ್ದೇ ಕೆಲಿಕ್ ಜಗಲಿಯಿಂದ ಎದ್ದು ನಿಂತ.

"ಅಣ್ಣಾ, ನಾನು... ತಗೊಂಡ್ಹೋಗಣ್ಣ. ಡಬ್ಬೀನೂ ಕೊಡ್ತೀನಿ. ಬೈಯೋದಾದ್ರೆ ಬೈದ್ಬಿಡು."

ವಗಿರಾನ್ ದೂರದ ಮೆಟ್ಟಿಲ ಮೇಲೆ ಕೂತ. ಮೇಲೆ ತೂಗುತ್ತಿದ್ದ ಪಂಜರದಲ್ಲಿ ಹಕ್ಕಿಯ ಕೊಕ್ಕು ತೆರೆದಿತ್ತು.

"ಈಗ ಬಂತಾ?"

"ಏನು?"

"ಮೇಲಿನ ಸ್ವರ."

ಕೆಲಿಕ್ ಪಂಜರದ ಕಡೆ ನೋಡಿದ. "ಬಂತು."

"ಈಗ?"

"ಈಗಿಲ್ಲ. ತಡಿ. ಹ್ಞಾಂ, ಈಗ."

ಆಮೇಲೆ ಕೆಲಿಕ್ ಬಾಯಿಬಿಟ್ಟು ಹೇಳುವುದನ್ನು ನಿಲ್ಲಿಸಿ, ಸ್ವರ ಬಂದಾಗಲೆಲ್ಲ ತೋರುಬೆರಳು ಎತ್ತತೊಡಗಿದ. ವಗಿರಾನ್ ಹಕ್ಕಿಯನ್ನು ನೋಡುವುದನ್ನು ಬಿಟ್ಟ. ಹೊಗೆಯಿಂದ ಹಳದಿಯಾದ ಆ ಬೆರಳು ಏಳುತ್ತಿತ್ತು, ಇಳಿಯುತ್ತಿತ್ತು, ಸ್ವಲ್ಪ ತಡೆದು ಮತ್ತೆ ಏಳುತ್ತಿತ್ತು.