ಹದಿನಾಲ್ಕು ಕುರಿಗಳ ಕಿವಿ

ಆ ಕಚೇರಿಯ ಹೆಸರು ಹೇಳುವುದಕ್ಕೂ ನನಗೆ ಅಸಹ್ಯ. ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಎಣ್ಣೆ ಅಂಗಡಿಯೊಂದರ ಮಹಡಿಯ ಮೇಲಿತ್ತು ಅಂದರೆ ಸಾಕು. ಗೋಡೆಯ ಮೇಲೆ ಲಕ್ಷ್ಮಿಯ ಪಟ, ಅದರ ಪಕ್ಕದಲ್ಲಿ ಮೇಲಕ್ಕೇರುವ ಬಾಣದ ಪಟ, ಎರಡಕ್ಕೂ ಸೇರಿಸಿ ಒಂದೇ ಊದುಬತ್ತಿ. ಕೆಳಗಿನ ಕಡಲೆಕಾಯಿ ಎಣ್ಣೆಯ ವಾಸನೆ ನನ್ನ ಸೀರೆಗೆ ಅಂಟಿಕೊಂಡು ಮೊಳಕಾಲ್ಮೂರಿನ ನಮ್ಮ ಮನೆಯವರೆಗೂ ಬರುತ್ತಿತ್ತು. ಅವ್ವ ದಿನಾ ಮೂಗು ಮುರಿಯುತ್ತಿದ್ದಳು. ಅದು ಎಣ್ಣೆಯ ವಾಸನೆ ಅಂತ ಅವಳೂ ನಂಬಿದ್ದಳು, ನಾನೂ ನಂಬಿದ್ದೆ.

ಎರಡು ಸಾವಿರದ ಐದರಲ್ಲಿ ಬಿ.ಕಾಂ. ಮುಗಿಸಿ ಅಲ್ಲಿ ಸೇರಿದೆ. ಜನರ ದುಡ್ಡನ್ನು ಮ್ಯೂಚುವಲ್ ಫಂಡಿಗೆ ಹಾಕಿಸುವುದು ಮ್ಯಾನೇಜರ್ ಮಹಾಂತೇಶನ ಕೆಲಸ. ಹಾಕಿದ ದುಡ್ಡು ಎಲ್ಲಿದೆ, ಎಷ್ಟಾಗಿದೆ ಅಂತ ಕಂಪ್ಯೂಟರಿನಲ್ಲಿ ರಿಪೋರ್ಟು ತೆಗೆದು ಅವರಿಗೆ ತಿಳಿಯುವಂತೆ ಹೇಳುವುದು ನನ್ನ ಕೆಲಸ. 'ಜ್ಯೋತಿಲಕ್ಷ್ಮಿ, ಕಸ್ಟಮರ್ ಕೇರ್' ಅಂತ ಮೇಜಿನ ಮೇಲೆ ಹಲಗೆ ಬೇರೆ. ಕೇರು ಎಷ್ಟಿತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕಿರಾಣಿ ಅಂಗಡಿಯ ಸೂರಪ್ಪ ಮೆಟ್ಟಿಲು ಹತ್ತುವಾಗಲೇ ತಮ್ಮ ಪಾಸ್‌ವರ್ಡನ್ನು ಕೂಗಿ ಹೇಳುತ್ತಿದ್ದರು. ಗುಟ್ಟಾಗಿಡಿ ಅಂದರೆ, "ನಿನ್ ಹತ್ರ ಏನವ್ವ ಗುಟ್ಟು, ನೀನು ಮನೆ ಮಗಳಿದ್ದಂಗೆ" ಅನ್ನುತ್ತಿದ್ದರು. ಅಂಥವರು ಅವರು. ಕಂಪ್ಯೂಟರ್ ಪರದೆಯಲ್ಲಿ ಹಸಿರು ಬಣ್ಣದ ಅಂಕಿ ಕಂಡರೆ ಕೈ ಮುಗಿದು ಹೋಗುತ್ತಿದ್ದರು.

ಆ ಹಸಿರು ಅಂಕಿ ಇರುವುದು ರಿಪೋರ್ಟಿನ ಮೊದಲ ಪುಟದಲ್ಲಿ: ಹಾಕಿದ್ದೆಷ್ಟು, ಈಗ ಆಗಿರುವುದೆಷ್ಟು. ಎರಡನೇ ಪುಟದಲ್ಲಿ ದುಡ್ಡು ಯಾವ ದಿನ ಯಾವ ಸ್ಕೀಮಿನಿಂದ ಯಾವ ಸ್ಕೀಮಿಗೆ ಹೋಯಿತು, ಹೋಗುವಾಗ ಎಷ್ಟು ಕಡಿತವಾಯಿತು ಅನ್ನುವುದೆಲ್ಲ ಸಾಲುಸಾಲಾಗಿ ಇರುತ್ತದೆ. ಸೇರಿದ ಮೊದಲ ವಾರದಲ್ಲೇ ಮಹಾಂತೇಶ ಹೇಳಿದ್ದ: "ಮೊದಲ್ನೇ ಪೇಜು ತೋರ್ಸು, ಸಾಕು. ಎರಡ್ನೇದು ತೋರ್ಸಿದ್ರೆ ತಲೆ ಕೆಟ್ಟು ನಮ್ ತಲೇನೂ ತಿಂತಾರೆ." ನಾನು ಹೂಂ ಅಂದೆ. ತಿಂಗಳಿಗೆ ಎರಡೂವರೆ ಸಾವಿರ ಸಂಬಳಕ್ಕೆ ಹೂಂ ಅಂದೆ.

ಜುಂಜಮ್ಮ ಬಂದದ್ದು ಅದೇ ವರ್ಷ. ದೇವಸಮುದ್ರದ ಕಡೆಯ ಒಂದು ಹಟ್ಟಿಯವರು, ಅರವತ್ತರ ಹತ್ತಿರದ ವಯಸ್ಸು. ಗಂಡ ಚಿಕ್ಕೀರಪ್ಪ ತೀರಿಕೊಂಡಿದ್ದ. ಕುರಿ ಮೇಯಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಅರವತ್ತು ಕುರಿಗಳ ಮಂದೆಯನ್ನು ಇಡಿಯಾಗಿ ಮಾರಿ ಒಂದು ಲಕ್ಷದ ಇಪ್ಪತ್ತು ಸಾವಿರ ತಂದಿದ್ದರು. ತಮ್ಮನ ಮಗ ರಾಜಣ್ಣ ದೊಡ್ಡವನಾದ ಮೇಲೆ ಮತ್ತೆ ಮಂದೆ ಕಟ್ಟಬೇಕು, ಅಲ್ಲಿಯವರೆಗೆ ದುಡ್ಡು ಬೆಳೆಯಲಿ ಅನ್ನುವುದು ಅವರ ಲೆಕ್ಕ.

"ಪಾಲಿಗೆ ಬಿಟ್ಟಂಗೆ ತಾನೇ?" ಅಂತ ಮಹಾಂತೇಶನನ್ನು ಕೇಳಿದರು. ಅವರ ಕಡೆ ಕುರಿಯನ್ನು ಬೇರೆಯವರಿಗೆ ಪಾಲಿಗೆ ಬಿಡುತ್ತಾರೆ. ಕಾಯುವವನು ಮೇಯಿಸಿ ಸಾಕುತ್ತಾನೆ, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. "ಅದೇ ಅಮ್ಮ, ಅದೇ," ಅಂದ ಮಹಾಂತೇಶ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದೂಡುತ್ತ.

ಅವರಿಗೆ ಸಹಿ ಬರುತ್ತಿರಲಿಲ್ಲ. ಇಂಕಿನ ಪ್ಯಾಡು ಹಿಡಿದು ಹೆಬ್ಬೆಟ್ಟು ಒತ್ತಿಸಿದವಳು ನಾನು. ಬೇಕಿದ್ದದ್ದು ಒಂದೇ ಫಾರಂ. ಅದನ್ನು ಒತ್ತಿದ ಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಖಾಲಿ ಫಾರಂಗಳ ಕಟ್ಟಿನ ಮೇಲೆ ಬಿತ್ತು. "ಇವಕ್ಕೆ?" ಅಂದರು. ಅವು ಬೇಡ ಅಜ್ಜಿ ಅಂದೆ. ಅವರು ಒಪ್ಪಲಿಲ್ಲ. ಕುರಿಯ ಕಿವಿ ಕೊಯ್ದು ಗುರುತು ಮಾಡುವ ದಿನ ಮಂದೆಯಲ್ಲಿ ಒಂದನ್ನೂ ಬಿಡಬಾರದಂತೆ. ಗುರುತಿಲ್ಲದ್ದು ಕಂಡವರ ಪಾಲು. "ನನ್ ಗುರುತಿದ್ರೆ ಯಾರೂ ಮುಟ್ಟಂಗಿಲ್ಲ ತಾಯಿ," ಅಂತ ಒಂದೊಂದೇ ಹಾಳೆಯ ಮೂಲೆಗೆ ಹೆಬ್ಬೆಟ್ಟು ಒತ್ತುತ್ತ ಹೋದರು. ಹನ್ನೆರಡು ಖಾಲಿ ಫಾರಂ. ನಾನು ಮಹಾಂತೇಶನ ಮುಖ ನೋಡಿದೆ. ಅವನು ನಗುತ್ತ, "ಒತ್ಲಿ ಬಿಡು, ಅಜ್ಜಿಗೆ ಸಮಾಧಾನ," ಅಂದ. ನಾನು ಪ್ಯಾಡು ಹಿಡಿದೇ ಇದ್ದೆ. ಕೊನೆಕೊನೆಗೆ ಇಂಕು ಒಣಗಿತ್ತು. ನಾನೇ ಎರಡು ಹನಿ ಹಾಕಿಕೊಟ್ಟೆ.

ಆ ಹನ್ನೆರಡೂ ಮಹಾಂತೇಶನ ಡ್ರಾಯರಿಗೆ ಹೋದವು. ಹೊಸ ಸ್ಕೀಮು ಬಂದಾಗಲೆಲ್ಲ ಒಂದು ಹೊರಗೆ ಬರುತ್ತಿತ್ತು. ಜುಂಜಮ್ಮನ ದುಡ್ಡು ಹಳೇ ಸ್ಕೀಮಿನಿಂದ ಎದ್ದು ಹೊಸದಕ್ಕೆ ಹೋಗುತ್ತಿತ್ತು. ಹೋಗುವಾಗಲೊಮ್ಮೆ ಸೇರುವಾಗಲೊಮ್ಮೆ ಕಡಿತ. ಅದರಲ್ಲಿ ದೊಡ್ಡ ತುಂಡು ನಮ್ಮ ಕಚೇರಿಗೆ ಕಮಿಷನ್. ಫಾರಂ ತುಂಬುತ್ತಿದ್ದದ್ದು ಯಾರು? ನಾನೇ. ನನ್ನ ಅಕ್ಷರ ಚೆನ್ನಾಗಿದೆ.

ಎರಡು ವರ್ಷ ಜುಂಜಮ್ಮ ಎರಡು ಮೂರು ತಿಂಗಳಿಗೊಮ್ಮೆ ಬಂದು ಹೋದರು. ನಾನು ಮೊದಲ ಪುಟ ತೋರಿಸುತ್ತಿದ್ದೆ. "ಹಸಿರೈತೆ ಅಜ್ಜಿ," ಅನ್ನುತ್ತಿದ್ದೆ. ಒಮ್ಮೆ ನನಗೆಂದು ಹುರುಳಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದರು. ಅದನ್ನು ಮನೆಗೆ ಒಯ್ದು ಸಾರು ಮಾಡಿಸಿ ಉಂಡೆ. ಈಗ ನೆನೆದರೆ ವಾಕರಿಕೆ ಬರುತ್ತದೆ.

ಎರಡು ಸಾವಿರದ ಏಳರ ದೀಪಾವಳಿ ಕಳೆದ ಮೇಲಿನ ಒಂದು ಸೋಮವಾರ ಅವರು ಮತ್ತೆ ಬಂದರು. ಮಹಾಂತೇಶ ಚಹಾಕ್ಕೆ ಹೋಗಿದ್ದ. ಬಂದವರೇ ಎದುರಿನ ಕುರ್ಚಿಯಲ್ಲಿ ಕೂತು, "ರಾಜಣ್ಣ ತಯಾರಾಗವ್ನೆ. ಕುರಿ ಹಿಡಿಯಾನ ಅಂತ ಬಂದೀನಿ. ಎಷ್ಟೈತೆ ನೋಡು," ಅಂದರು.

ರಿಪೋರ್ಟು ತೆಗೆದೆ. ಒಂದು ಲಕ್ಷದ ಮೂವತ್ತೊಂದು ಸಾವಿರ. "ಹನ್ನೊಂದು ಸಾವಿರ ಲಾಭ ಅಜ್ಜಿ," ಅಂದೆ.

"ಕುರಿ ಲೆಕ್ಕದಾಗೆ ಹೇಳು. ಸಂತೇಲಿ ಈಗ ಒಂದಕ್ಕೆ ಎರಡು ಸಾವಿರದ ಎಂಟುನೂರು."

ಕ್ಯಾಲ್ಕುಲೇಟರ್ ಒತ್ತಿದೆ. ನಲವತ್ತಾರು.

ಅವರು ಕೈ ಬೆರಳುಗಳ ಗೆಣ್ಣುಗಳನ್ನು ಮುಟ್ಟಿಕೊಳ್ಳುತ್ತ ಎಣಿಸಿದರು. "ನಾನು ಕೊಟ್ಟಿದ್ದು ಅರವತ್ತು. ಎರಡು ವರ್ಷದಾಗೆ ಮರಿ ಈಯೋದು ಇರ್ಲಿ, ಹದಿನಾಲ್ಕು ಕಮ್ಮಿ ಆಗ್ಯಾವೆ. ಸತ್ತಾವಾ?"

"ಅಂಗಲ್ಲ ಅಜ್ಜಿ. ಕುರಿ ರೇಟು ಜಾಸ್ತಿ ಆಗೈತೆ, ಅದಕ್ಕೆ."

"ಊರೋರ ದುಡ್ಡೆಲ್ಲ ಎರಡರಷ್ಟು ಆಗೈತೆ ಅಂತ ನೀವೇ ಹೇಳಿದ್ರಿ. ನಂದು ಯಾಕೆ ಬಡಕಲಾತು?" ಅವರ ದನಿ ಏರಲಿಲ್ಲ. "ಪಾಲಿಗೆ ಇಸ್ಕಂಡೋನು ಕುರಿ ಸತ್ತರೆ ಸತ್ತೈತೆ ಅಂತ ಬಾಯಾಗೆ ಹೇಳಂಗಿಲ್ಲ. ಕಿವಿ ಕೊಯ್ದು ತಂದು ತೋರಿಸ್ಬೇಕು. ನನ್ ಗುರುತು ಇರೋ ಕಿವಿ. ಇಲ್ಲಾಂದ್ರೆ ಮಾರ್ಕಂಡು ತಿಂದವ್ನೆ ಅಂತ. ಹದಿನಾಲ್ಕು ಕಿವಿ ತೋರ್ಸು ತಾಯಿ."

ಆ ಎರಡು ವರ್ಷದಲ್ಲಿ ಬಂದ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಪೇಟೆಯಲ್ಲಿ ಓದಿದವರು, ಮೇಷ್ಟ್ರುಗಳು, ವ್ಯಾಪಾರಿಗಳು ಎಲ್ಲ ಹಸಿರು ನೋಡಿ ಎದ್ದು ಹೋಗಿದ್ದರು. ನಾನು ಮೌಸ್ ಹಿಡಿದುಕೊಂಡು ಕೂತೆ. ಕೆಳಗಿನಿಂದ ಎಣ್ಣೆಯ ವಾಸನೆ ಬರುತ್ತಿತ್ತು. ಅದು ಎಣ್ಣೆಯದಲ್ಲ, ನನ್ನದೇ ಅನ್ನಿಸಿತು. ಎರಡನೇ ಪುಟ ತೆಗೆದೆ.

ಪ್ರಿಂಟ್ ತೆಗೆದು ಅವರ ಮುಂದಿಟ್ಟು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಈ ದಿನ ಇಲ್ಲಿಂದ ಅಲ್ಲಿಗೆ, ಕಡಿತ ಇಷ್ಟು. ಆ ದಿನ ಅಲ್ಲಿಂದ ಮತ್ತೊಂದಕ್ಕೆ, ಕಡಿತ ಇಷ್ಟು. ಒಟ್ಟು ಏಳು ಸಾಲು, ಇಪ್ಪತ್ತೆಂಟು ಸಾವಿರ.

"ಅಂದ್ರೆ ಹತ್ತು ಕುರಿ," ಅಂದೆ. "ಇನ್ನು ನಾಲ್ಕು ನಿಜವಾಗ್ಲೂ ರೇಟಿಗೆ ಹೋದ್ವು."

"ಈ ರೊಪ್ಪದಿಂದ ಆ ರೊಪ್ಪಕ್ಕೆ ಕುರಿ ಹೊಡೀರಿ ಅಂತ ನಾನು ಅಂದಿದ್ನಾ?"

"ಇಲ್ಲ ಅಜ್ಜಿ."

"ಮತ್ತೆ?"

"ನಿಮ್ಮ ಹೆಬ್ಬೆಟ್ಟು ಇತ್ತು. ಅವತ್ತು ಖಾಲಿ ಹಾಳೆಗೆ ಒತ್ತಿದ್ರಲ್ಲ."

ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. ಆ ನೋಟವನ್ನು ನನಗೆ ಇವತ್ತಿಗೂ ತಡೆದುಕೊಳ್ಳಲಾಗುವುದಿಲ್ಲ. ನನಗೆ ಬೈದಿದ್ದರೆ, ಮುಖಕ್ಕೆ ಉಗಿದಿದ್ದರೆ ಅಷ್ಟೊಂದು ಹೇಸಿಗೆ ಆಗುತ್ತಿರಲಿಲ್ಲ. ಅವರಿಗೆ ಬೇಜಾರಾದದ್ದು ತಮ್ಮ ಬೆರಳಿನ ಮೇಲೆ.

"ಹನ್ನೆರಡು ಒತ್ತಿದ್ದೆ," ಅಂದರು ಆಮೇಲೆ. "ಏಳು ಹೋದ್ವು. ಇನ್ನೈದು?"

ಡ್ರಾಯರಿನ ಇನ್ನೊಂದು ಬೀಗದ ಕೈ ನನ್ನ ಹತ್ತಿರವೇ ಇತ್ತು. ತೆಗೆದು ಐದು ಫಾರಂಗಳನ್ನು ಕೊಟ್ಟೆ. ಅವರು ಹೆಬ್ಬೆಟ್ಟಿನ ಗುರುತಿದ್ದ ಮೂಲೆಯನ್ನು ಒಂದೊಂದಾಗಿ, ನಿಧಾನವಾಗಿ ಹರಿದರು. ಐದು ತುಂಡುಗಳನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದರು. ಉಳಿದ ಹಾಳೆಗಳನ್ನು ನನ್ನ ಕಡೆಗೆ ತಳ್ಳಿ, "ಇವು ನಿಮ್ಮವು, ಇಟ್ಕಳಿ," ಅಂದರು.

ದುಡ್ಡು ವಾಪಸ್ ತೆಗೆಯುವ ಫಾರಂ ತುಂಬಿದೆ. ಒಂದು ಮನೆಯನ್ನೂ ಖಾಲಿ ಬಿಡದೆ ತುಂಬಿ, ಓದಿ ಹೇಳಿದೆ. ಎರಡು ಸಲ ಓದಿಸಿದರು. ಹಾಳೆಯ ಕೆಳಗೆ ಖಾಲಿ ಉಳಿದ ಜಾಗಕ್ಕೂ ಗೆರೆ ಎಳೆಸಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು.

ಇಂಕಿನ ಪ್ಯಾಡು ಮುಚ್ಚಲು ಹೋದೆ. ಅವರು ಕೈ ಅಡ್ಡ ಇಟ್ಟರು. ಏಳು ಸಾಲಿನ ಪ್ರಿಂಟನ್ನು ನನ್ನ ಮುಂದೆ ಸರಿಸಿ, "ಒತ್ತು," ಅಂದರು.

ಬಿ.ಕಾಂ. ಓದಿದವಳು ನಾನು, ಹುಟ್ಟಿದಾಗಿನಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತಿದವಳಲ್ಲ. ಆದರೂ ಆ ಕ್ಷಣ ಎದೆ ಸ್ವಲ್ಪ ಹಗುರಾಯಿತು ಅಂತ ಒಪ್ಪಿಕೊಳ್ಳಬೇಕು. ನಿಜ ಹೇಳಿದವಳು ನಾನು, ನನ್ನನ್ನು ನಂಬಿದ್ದಾರೆ ಅಂದುಕೊಂಡೆ. ಬೆರಳಿಗೆ ಇಂಕು ಹಚ್ಚಿಕೊಂಡು ಹಾಳೆಯ ಕೆಳಗಿನ ಬಲಮೂಲೆಗೆ ಹೋದೆ. "ಸಾಕ್ಷಿ ಅಂತ ಇಲ್ಲಿ ಒತ್ಲಾ ಅಜ್ಜಿ?"

ಜುಂಜಮ್ಮ ನನ್ನ ಮಣಿಕಟ್ಟು ಹಿಡಿದು ಬೆರಳನ್ನು ಹಾಳೆಯ ಮೇಲ್ಭಾಗಕ್ಕೆ, ನಮ್ಮ ಕಚೇರಿಯ ಹೆಸರು ಅಚ್ಚಾಗಿದ್ದ ಜಾಗಕ್ಕೆ ತಂದರು.

"ಸಾಕ್ಷಿ ನೋಡ್ದೋರು ಹಾಕ್ತಾರೆ ಕಣವ್ವ," ಅಂದರು. "ನೀನು ಕಾಯಾಕೆ ಇಸ್ಕಂಡೋಳು. ಇಲ್ಲೊತ್ತು."

ಒತ್ತಿದೆ. ಅವರು ಇಂಕು ಆರುವವರೆಗೆ ಹಾಳೆಯನ್ನು ಫ್ಯಾನಿನ ಗಾಳಿಗೆ ಹಿಡಿದುಕೊಂಡು ನಿಂತಿದ್ದರು. ಮೆಟ್ಟಿಲ ಮೇಲೆ ಮಹಾಂತೇಶನ ಚಪ್ಪಲಿ ಸದ್ದಾಯಿತು. ಜುಂಜಮ್ಮ ಹಾಳೆ ಮಡಿಚಿಕೊಂಡು ಬಾಗಿಲಿನತ್ತ ನಡೆದರು. ಅವನು ಎದುರು ಬಂದು, "ಏನಮ್ಮ, ಹಸಿರೈತಲ್ಲ?" ಅಂದ. ಅವರು ಅವನನ್ನು ದಾಟಿ ಇಳಿದು ಹೋದರು. ಅವನು ನನ್ನ ಕಡೆ ತಿರುಗಿದಾಗ ನಾನು ಇಂಕು ಹತ್ತಿದ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ಆಮೇಲೆ ಅದನ್ನು ಹೊರಗೆ ತೆಗೆದು ಅವನಿಗೆ ಕಾಣುವಂತೆ ಮೇಜಿನ ಮೇಲಿಟ್ಟೆ.