ಕೆಳಗಿನ ಪೈಪು

ಸೂಜಿ ಕೆಂಪು ಗೆರೆ ಮುಟ್ಟಿದ್ದನ್ನು ಮಲ್ಲೇಶ ನೋಡಿಯೂ ನೋಡದವನ ಹಾಗೆ ಗಾಡಿ ಓಡಿಸುತ್ತಲೇ ಇದ್ದ. ಹಿರಿಯೂರು ದಾಟಿಬಿಟ್ಟರೆ ಸಾಕು, ಆಮೇಲೆ ಎಲ್ಲಿ ನಿಂತರೂ ನಿಲ್ಲಲಿ ಎಂಬುದು ಅವನ ಲೆಕ್ಕ. ಆದರೆ ಊರು ಕಣ್ಣಿಗೆ ಬೀಳುವ ಮೊದಲೇ ಬಾನೆಟ್ಟಿನ ಸಂದಿಯಿಂದ ಹಬೆ ಬುಸ್ಸೆಂದು ಎದ್ದು ಮುಂದಿನ ಗಾಜನ್ನೆಲ್ಲ ಮಸುಕು ಮಾಡಿತು. ಇನ್ನು ನಾಟಕ ನಡೆಯುವಂತಿರಲಿಲ್ಲ. ಒಂದು ಹುಣಸೆ ಮರದ ನೆರಳಿಗೆ ಎಳೆದು ನಿಲ್ಲಿಸಿದ.

"ಏನ್ರೀ ಇದು, ಇಡ್ಲಿ ಪಾತ್ರೆ ಮುಚ್ಚಳ ತೆಗ್ದಂಗೆ!" ಎನ್ನುತ್ತ ಕಾವ್ಯಶ್ರೀ ರೇಷ್ಮೆ ಸೀರೆಯ ಸೆರಗು ಬಾಚಿಕೊಂಡು ಕೆಳಗಿಳಿದಳು. ಚಿತ್ರದುರ್ಗದಲ್ಲಿ ಅವಳ ಅಕ್ಕ ಸುಮಾಳ ಹೊಸ ಮನೆಯ ಪ್ರವೇಶ. ಹಾಲು ಉಕ್ಕಿಸುವ ಹೊತ್ತಿಗೆ ತಂಗಿ ಅಲ್ಲಿರಲೇಬೇಕು.

"ಬಿಸ್ಲು. ಹಳೇ ಗಾಡಿ ಬೇರೆ. ಸ್ವಲ್ಪ ಹೊತ್ತು ಬಿಟ್ರೆ ಸರಿ ಹೋಗ್ತೈತೆ."

"ಏನ್ ಸರಿ ಹೋಗ್ತೈತೆ? ತಡೀರಿ, ಪ್ರದೀಪ್ ಬಾವಂಗೆ ಫೋನ್ ಮಾಡ್ತೀನಿ."

"ಬ್ಯಾಡ" ಎಂದ ಮಲ್ಲೇಶ. ಅವನು ಅನ್ನುವಷ್ಟರಲ್ಲಿ ಫೋನು ಅವಳ ಕಿವಿಯಲ್ಲಿತ್ತು.

"ಹಲೋ ಬಾವ, ನಮ್ ಕಾರು ಹೊಗೆ ಬಿಡ್ತೈತೆ... ಹ್ಞೂಂ... ಇಲ್ಲ, ಮುಚ್ಚಳ ಯಾರೂ ಮುಟ್ಟಿಲ್ಲ... ಊರಿಂದ ಸ್ವಲ್ಪ ಈಚೆಗೆ, ಹುಣಸೆ ಮರದ ಹತ್ರ... ಆಯ್ತು ಬಾ, ಬೇಗ್ ಬಾ!"

ಕೊನೆಯ ಆ 'ಬೇಗ್ ಬಾ' ಮಲ್ಲೇಶನ ಹೊಟ್ಟೆಯಲ್ಲಿ ಹಸಿ ಮೆಣಸಿನಕಾಯಿಯ ಹಾಗೆ ಇಳಿಯಿತು. ಗಂಡನನ್ನು ಬಹುವಚನದಲ್ಲಿ ಕರೆಯುವ ಹೆಂಡತಿ ಇನ್ನೊಬ್ಬನನ್ನು 'ಬಾ' ಎನ್ನುವಾಗ ಅದರಲ್ಲಿ ಎಷ್ಟು ಸಲಿಗೆ ಇರುತ್ತದೆ ಅಂತ ಅವನು ಮದುವೆಯಾದ ದಿನದಿಂದ ಅಳೆಯುತ್ತಲೇ ಇದ್ದ.

ಹಿರಿಯೂರಿನಲ್ಲಿ ಗ್ಯಾರೇಜು ಇಟ್ಟಿದ್ದ ಪ್ರದೀಪ್ ಅವಳ ಸೋದರಮಾವನ ಮಗ. ಅವರ ಕಡೆ ಸೋದರಮಾವನ ಮಗನೆಂದರೆ ಹುಟ್ಟುವಾಗಲೇ ಹಕ್ಕುದಾರ. ಹೆಣ್ಣನ್ನು ಹೊರಗೆ ಕೊಡುವುದಾದರೆ ಮೊದಲು ಅವನ ಮನೆಗೆ ವೀಳ್ಯದೆಲೆ ತೆಗೆದುಕೊಂಡು ಹೋಗಿ, "ನಿಮಗೆ ಬೇಡವಾ?" ಅಂತ ಕೇಳಬೇಕು. ಕಾವ್ಯಶ್ರೀಯ ಅಪ್ಪ ಚಿತ್ರಲಿಂಗಪ್ಪನವರು ಕೇಳಿದ್ದರು. ಪ್ರದೀಪ್ ಬೇಡ ಅಂದಿದ್ದ. ಯಾಕೆ ಬೇಡ ಅಂದ ಎಂಬುದನ್ನು ಮಾತ್ರ ಯಾರೂ ಮಲ್ಲೇಶನಿಗೆ ಹೇಳಿರಲಿಲ್ಲ. ಬೇಡ ಅಂದವನು ಬೇರೆಲ್ಲಾದರೂ ಮದುವೆ ಆಗಬೇಕಿತ್ತಲ್ಲ, ಅದೂ ಆಗಿರಲಿಲ್ಲ. ಅವನು ಬಿಟ್ಟುಕೊಟ್ಟಿದ್ದು ತನಗೆ ಸಿಕ್ಕಿದೆ ಎನ್ನುವ ಯೋಚನೆ ಊಟಕ್ಕೆ ಕೂತಾಗ, ಸ್ನಾನಕ್ಕೆ ಹೋದಾಗ, ಸುಮ್ಮನೆ ಬೀಡಾ ಜಗಿಯುವಾಗಲೂ ಮಲ್ಲೇಶನ ಹಲ್ಲಿಗೆ ಸಿಗುತ್ತಿತ್ತು. ಸಾಲದ್ದಕ್ಕೆ ಮಾವ ಮಗಳಿಗೆ ಕೊಟ್ಟ ಈ ಬಿಳಿ ಕಾರಿನಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದ್ದೂ ಪ್ರದೀಪನೇ. ಮದುವೆಯಾದ ಮೇಲೆ ಅವಳು ಗಾಡಿ ಓಡಿಸಿದ್ದು ಅಪ್ಪನ ಜೊತೆ ಹಿರಿಯೂರಿಗೆ ಹೋದಾಗ ಮಾತ್ರ. ಮಲ್ಲೇಶ ಪಕ್ಕದಲ್ಲಿದ್ದರೆ ಕೀ ಅವನ ಜೇಬಿನಲ್ಲೇ.

ಪ್ರದೀಪ್ ಪಿಕಪ್ ತಂದ. ಹಗ್ಗ ಕಟ್ಟಿದ. "ಮಲ್ಲೇಶಣ್ಣ, ನೀವು ಸ್ಟೇರಿಂಗ್ ಹಿಡ್ಕಳ್ರಿ. ಕಾವ್ಯ, ಅದ್ರಾಗೆ ಕುಂತ್ರೆ ಬೆಂದೋಗ್ತೀಯ, ಈ ಕಡೆ ಬಾ" ಎಂದ. ಅವಳು ಹೋಗಿ ಪಿಕಪ್ಪಿನಲ್ಲಿ ಕೂತಳು. ದಾರಿಯುದ್ದಕ್ಕೂ ಮಲ್ಲೇಶ ಹಗ್ಗದ ಈ ತುದಿಯಲ್ಲಿ ಸತ್ತ ಕಾರಿನ ಸ್ಟೇರಿಂಗ್ ಹಿಡಿದು, ಮುಂದಿನ ಗಾಡಿಯ ಹಿಂಗಾಜಿನಲ್ಲಿ ಕಾಣುವ ಎರಡು ತಲೆಗಳನ್ನೇ ನೋಡುತ್ತ ಬಂದ. ಒಂದು ತಲೆ ಏನೋ ಹೇಳಿತು. ಇನ್ನೊಂದು ನಕ್ಕಿತು. ಮಲ್ಲಿಗೆ ಮುಡಿದ ತಲೆ.

ಆದರೆ ಇವತ್ತು ಅವನನ್ನು ಒಳಗೇ ಕೊರೆಯುತ್ತಿದ್ದದ್ದು ಬರೀ ಅದಲ್ಲ. ನೀರು ಎಲ್ಲಿಂದ ಸೋರುತ್ತಿದೆ ಅಂತ ಮಲ್ಲೇಶನಿಗೆ ಗೊತ್ತಿತ್ತು.

ಹೋದ ತಿಂಗಳು ಕಾವ್ಯಶ್ರೀ ಅಪ್ಪನ ಜೊತೆ ಗ್ಯಾರೇಜಿಗೆ ಹೋದಾಗ ಪ್ರದೀಪ್ ರೇಡಿಯೇಟರಿನ ಕೆಳಗಿನ ಪೈಪು ಬದಲಾಯಿಸಿ, ಇಂಜಿನ್ ತಣ್ಣಗಿಡುವ ಹಸಿರು ಕೂಲೆಂಟ್ ತುಂಬಿ ಕಳಿಸಿದ್ದ. "ಮನೆ ಗಾಡಿಗೆ ಯಾವ ದುಡ್ಡು" ಅಂದನಂತೆ. ಹಳೇ ಪೈಪನ್ನು ಡಿಕ್ಕಿಯಲ್ಲಿ ಹಾಕಿ ಕಳಿಸಿದ್ದ. ತಮ್ಮೂರು ಯಲ್ಲದಕೆರೆಗೆ ಬಂದ ಮೇಲೆ ಅವಳು ಆ ಮಾತನ್ನು ನೆರೆಮನೆಯವರಿಗೆ, ಹಾಲಿನವರಿಗೆ, ಕೊನೆಗೆ ಫೋನಿನಲ್ಲಿ ಸುಮಾಳಿಗೂ ಹೇಳಿದಳು. ಒಂದು ಮಧ್ಯಾಹ್ನ ಮಲ್ಲೇಶ ಕಾರಿನ ಕೆಳಗೆ ತೂರಿ ನೋಡಿದ. ಹೊಸ ಕರೀ ಪೈಪು, ಮೇಲೆ ಬಿಳಿ ಅಕ್ಷರ, ಮಿರಮಿರ ಮಿಂಚುತ್ತಿತ್ತು. ಹೆಂಡತಿಗೆ ಇನ್ಯಾರೋ ತಂದುಕೊಟ್ಟ ಸೀರೆಯನ್ನು ಬೀರುವಿನಲ್ಲಿ ಕಂಡ ಹಾಗಾಯಿತು ಅವನಿಗೆ. ಅವಳು ತವರಿಗೆ ಹೋದ ದಿನ ಅದನ್ನು ಬಿಚ್ಚಿ ಹಳೇದನ್ನೇ ಹಾಕಿದ. ಅಂಚಿನಲ್ಲಿ ಸೀಳಿದ್ದ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದ. ಹೊಲಗಳಿಗೆ ಡ್ರಿಪ್ ಪೈಪು ಜೋಡಿಸುವುದೇ ಅವನ ಕಸುಬು. ಟ್ಯೂಬ್ ಪಟ್ಟಿ ಸುತ್ತಿ ನಿಲ್ಲಿಸದ ಸೋರಿಕೆ ಸುತ್ತಲ ಊರುಗಳಲ್ಲಿ ಇರಲಿಲ್ಲ. ಹೊಲದ ಪೈಪಿನಲ್ಲಿ ಹರಿಯುವುದು ತಣ್ಣೀರು, ಕಾರಿನಲ್ಲಿ ಕುದಿಯುವ ನೀರು ಅನ್ನುವುದು ಮಾತ್ರ ಹೊಟ್ಟೆಯುರಿಯಲ್ಲಿ ತಲೆಗೆ ಬರಲಿಲ್ಲ.

ಗ್ಯಾರೇಜು ಮನೆಯ ಮುಂದಿನ ತಗಡಿನ ಶೆಡ್ಡು. ಪ್ರದೀಪನ ತಾಯಿ ಏಕನಾಥಮ್ಮ ಮಜ್ಜಿಗೆ ಚೊಂಬು ಹಿಡಿದೇ ಹೊರಗೆ ಬಂದರು.

"ಬರ್ರಿ ಮಲ್ಲೇಶಪ್ಪ, ಕುಂತ್ಕಳ್ರಿ. ಕಾವ್ಯ, ನೀನಾದ್ರೂ ಹೇಳೇ ಇವನ್ಗೆ. ಧರ್ಮಪುರದಾಗೆ ಒಂದು ಹುಡ್ಗಿ ಐತೆ, ನೋಡಾಕೆ ಹೋಗಾಣ ಅಂದ್ರೆ ಈ ಗುಜರಿ ಗಾಡಿಗಳ ಕೆಳ್ಗೇ ಮಲಗ್ತಾನೆ."

"ಹುಡ್ಗೀನೂ ರಿಪೇರಿಗೆ ಬಂದೈತೆ ಅನ್ನು ಅತ್ತೆ, ಓಡ್ಹೋಗ್ತಾನೆ" ಎಂದಳು ಕಾವ್ಯಶ್ರೀ. ಅತ್ತೆ ಸೊಸೆಯರ ಹಾಗೆ ಇಬ್ಬರೂ ನಕ್ಕರು. ಮಲ್ಲೇಶ ಮಜ್ಜಿಗೆಯನ್ನು ಅರ್ಧಕ್ಕೇ ಕೆಳಗಿಟ್ಟ.

ಇಂಜಿನ್ ತಣ್ಣಗಾದ ಮೇಲೆ ಪ್ರದೀಪ್ ಮುಚ್ಚಳ ತಿರುಗಿಸಿ ಒಳಗೆ ಬೆರಳು ಅದ್ದಿ ನೋಡಿದ. "ನಾನ್ ಹಾಕಿದ್ದು ಇಷ್ಟು ತೆಳ್ಳಗಿರ್ಲಿಲ್ಲ. ಯಾರಾನ ನೀರು ಬೆರ್ಸಿದ್ರಾ?"

"ಕಮ್ಮಿಯಾಗಿತ್ತು. ಬೋರ್ ನೀರು ಹಾಕ್ದೆ" ಎಂದ ಮಲ್ಲೇಶ. ಪೈಪು ಬಿಚ್ಚಿದ ದಿನ ಕೂಲೆಂಟ್ ಅರ್ಧಕ್ಕರ್ಧ ಮಣ್ಣುಪಾಲಾಗಿತ್ತು. "ನಂಗನ್ಸೋದು, ವಾಟರ್ ಪಂಪ್ ಹೋಗೈತೆ. ಅದ್ನೇ ನೋಡು."

ಪ್ರದೀಪ್ ಪಂಪಿನ ಸುತ್ತ ಬಟ್ಟೆ ಒತ್ತಿ ತೆಗೆದ. ಬಟ್ಟೆ ಒಣಗಿತ್ತು.

"ರೇಡಿಯೇಟ್ರೇ ತೂತಾಗೈತೇನೋ."

ಪ್ರದೀಪ್ ರೇಡಿಯೇಟರಿನ ಜಾಲರಿಗೆ ಮೇಲಿಂದ ಕೆಳಗೆ ಕೈ ಸವರಿದ. ಧೂಳು ಬಂತು, ನೀರು ಬರಲಿಲ್ಲ.

"ಒಳ್ಗೆ ಕಾಲಿಡೋ ಕಡೆ ನೋಡು, ಹೀಟರ್ ಕಡೆಯಿಂದ್ಲೂ ಸೋರ್ತೈತಂತೆ."

ಪ್ರದೀಪ್ ಒಳಗಿನ ಮ್ಯಾಟು ಎತ್ತಿ ಮೂಸಿದ. "ಸೋರಿದ್ರೆ ಸಿಹಿ ವಾಸ್ನೆ ಇರ್ಬೇಕು. ಇಲ್ಲಿ ಬರೀ ಕಡ್ಲೇಕಾಯಿ ಸಿಪ್ಪೆ ಅವೆ." ಎದ್ದು ಕೈ ಒರೆಸಿಕೊಂಡ. "ಒಂದು ಕೆಲ್ಸ ಮಾಡಾಣ ಅಣ್ಣ. ನೀವು ಮೇಲೆ ಗಾಳಿ ಒತ್ರಿ, ನಾನ್ ಕೆಳ್ಗೆ ನೋಡ್ತೀನಿ. ತಾನಾಗೇ ಬಾಯ್ಬಿಡ್ತೈತೆ."

ಅವನು ತಂದದ್ದು ಸೈಕಲ್ ಪಂಪಿನಂಥದ್ದು, ತಲೆಯ ಮೇಲೊಂದು ಮೀಟರು. ಅದನ್ನು ರೇಡಿಯೇಟರಿನ ಬಾಯಿಗೆ ಸಿಕ್ಕಿಸಿ ಹಿಡಿಕೆಯನ್ನು ಮಲ್ಲೇಶನ ಕೈಗೆ ಕೊಟ್ಟು, ರಟ್ಟು ಹಾಸಿಕೊಂಡು, ಮೊಬೈಲ್ ಬೆಳಕು ಹಿಡಿದು ಪ್ರದೀಪ್ ಕಾರಿನ ಕೆಳಗೆ ಜಾರಿದ. ಮಲ್ಲೇಶ ಒತ್ತಿದ, ಒತ್ತಿದಂತೆ ಮಾಡಿದ. ಮೀಟರಿನ ಮುಳ್ಳು ಎದ್ದು ಮತ್ತೆ ಮಲಗಿತು.

"ಇನ್ನೊಂಚೂರು ಅಣ್ಣ. ಹೆದ್ರಬ್ಯಾಡ್ರಿ."

ತನ್ನ ಗುಟ್ಟಿಗೆ ತಾನೇ ಗಾಳಿ ಹೊಡೆಯುವ ಕೆಲಸ ಯಾರಿಗೆ ಬಂದೀತು? ಆ ಪಟ್ಟಿಯ ಸುತ್ತು, ಎರಡೆಳೆ ಹಾಕಿ ಒಳಕ್ಕೆ ತೂರಿಸುವ ಗಂಟು, ಅದನ್ನು ಕಾವ್ಯಶ್ರೀ ಮನೆಯ ನಲ್ಲಿಯಲ್ಲಿ, ಕೊಟ್ಟಿಗೆಯ ಪೈಪಿನಲ್ಲಿ ದಿನಾ ನೋಡುತ್ತಾಳೆ. ಕಂಡರೆ ಕೇಳುತ್ತಾಳೆ. ಕೇಳಿದರೆ ಏನು ಹೇಳುವುದು? ಒಂದು ಪೈಪು ಕಂಡು ಹೊಟ್ಟೆ ಉರಿಯಿತು ಅಂತಲೇ?

"ಹೊಲ್ದಾಗೆ ಮೈಲಿಗಟ್ಲೆ ಪೈಪ್ ಎಳೀತೀರ, ಇದೊಂದ್ ಒತ್ತಾಕೆ ಆಗಲ್ವ? ಕೊಡ್ರಿ ಇಲ್ಲಿ" ಎಂದು ಕಾವ್ಯಶ್ರೀ ಬಳೆ ಮೇಲೆ ಸರಿಸಿ ಹಿಡಿಕೆ ಕಿತ್ತುಕೊಂಡು ಘಟಘಟನೆ ಒತ್ತಿದಳು. ಮುಳ್ಳು ನೆಟ್ಟಗೆ ನಿಂತಿತು. ಕೆಳಗೆ ಚಿರ್ರ್ ಎಂದು ಸಣ್ಣ ಸದ್ದು. ರಟ್ಟಿನ ಮೇಲೆ ತಟತಟ ಹನಿ.

ಹೊರಗೆ ಕಾಣುತ್ತಿದ್ದ ಪ್ರದೀಪನ ಎರಡು ಪಾದಗಳು ಅಲುಗಾಡದೆ ನಿಂತುಬಿಟ್ಟವು. ಸುಮಾರು ಹೊತ್ತಿನ ಮೇಲೆ ಅವನು ಹೊರಗೆ ಬಂದ. ಎದೆಯೆಲ್ಲ ಒದ್ದೆ, ಎಡಗೈ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಲ್ಲಿ ಟ್ಯೂಬ್ ಪಟ್ಟಿಯ ತುದಿ ಮಲ್ಲೇಶನಿಗೊಬ್ಬನಿಗೇ ಕಾಣುವಂತಿತ್ತು. ಒಂದು ಗಳಿಗೆ ಇಬ್ಬರ ಕಣ್ಣೂ ಕೂಡಿದವು. ಪ್ರದೀಪ್ ಮುಷ್ಟಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

"ಕ್ಲಿಪ್ ಸಡ್ಲಾಗೈತೆ. ಅವತ್ತು ಅರ್ಜೆಂಟಲ್ಲಿ ಸರಿಯಾಗಿ ಬಿಗೀಲಿಲ್ಲ ಕಾಣ್ತೈತೆ. ನಂದೇ ತಪ್ಪು."

"ಥೂ ನಿನ್ನ! ದಾರ್ಯಾಗೆ ಏನಾನ ಆಗಿದ್ರೆ? ಕಣ್ಣು ಎಲ್ಲಿಟ್ಕಂಡಿದ್ಯೋ?" ಏಕನಾಥಮ್ಮ ಮಗನಿಗೆ ಉಗಿದರು.

"ಬಿಡತ್ತೆ, ಪಾಪ. ಬೇಕಂತ ಮಾಡ್ತಾನಾ?" ಎಂದಳು ಕಾವ್ಯಶ್ರೀ.

ಮಲ್ಲೇಶ ಬಚಾವಾಗಿದ್ದ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು, ಪೈಪು ಹಾಕಿಸಿಕೊಂಡು ದುರ್ಗಕ್ಕೆ ಹೋಗಿ ಹೋಳಿಗೆ ಊಟ ಮಾಡಬಹುದಿತ್ತು. ಆದರೆ ಆ 'ಪಾಪ' ಅವನ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಇವನು ಮತ್ತೆ ಬಿಟ್ಟುಕೊಡುತ್ತಿದ್ದಾನೆ. ಒಮ್ಮೆ ವೀಳ್ಯದೆಲೆಯ ಮುಂದೆ, ಈಗ ಇಲ್ಲಿ. ಇನ್ನು ಮೇಲೆ ಅವಳು 'ಪಾಪ' ಅಂದಾಗಲೆಲ್ಲ ಇವನ ಜೇಬಿನಲ್ಲಿ ನನ್ನ ಗಂಟು ಇರುತ್ತದೆ.

"ಕ್ಲಿಪ್ಪಲ್ಲ" ಎಂದ ಮಲ್ಲೇಶ. ದನಿ ತನಗೇ ಜೋರಾಗಿ ಕೇಳಿಸಿತು. "ಅವ್ನು ಹಾಕಿದ್ದ ಹೊಸ ಪೈಪ್ ನಾನೇ ಕಿತ್ತೆ. ಹಳೇದು ಹಾಕಿ ಟ್ಯೂಬ್ ಪಟ್ಟಿ ಸುತ್ತಿದ್ದೆ. ಅವನ ಜೇಬಾಗೈತೆ ನೋಡು."

ಪಂಪಿನ ಹಿಡಿಕೆ ಇನ್ನೂ ಕಾವ್ಯಶ್ರೀಯ ಕೈಯಲ್ಲೇ ಇತ್ತು.

"ಹೊಸ ಪೈಪ್ ಎಲ್ಲೈತೆ?" ಎಂದು ಅವಳು ಮೆಲ್ಲಗೆ ಕೇಳಿದಳು.

"ನಮ್ಮೂರ್ ಯತ್ತಪ್ಪನ ಔಷ್ಧಿ ಹೊಡಿಯೋ ಮೋಟ್ರಿಗೆ ಹಾಕ್ದೆ."

ಏಕನಾಥಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ನಗು ಆಚೆಗೆ ಬಂದುಬಿಟ್ಟಿತು. ಕಾವ್ಯಶ್ರೀ ನಗಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಅವಳು ಗಂಡನ ಮುಖವನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವನು ಹೇಳದೆ ಬಿಟ್ಟದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿರುವಂತೆ. ಆಮೇಲೆ ಹಿಡಿಕೆಯನ್ನು ಕೆಳಗಿಟ್ಟು ಕೈತೊಳೆಯಲು ನಲ್ಲಿಯ ಕಡೆ ಹೋದಳು.

ಪ್ರದೀಪ್ ಗೋಡೆಯ ಮೊಳೆಯಿಂದ ಇನ್ನೊಂದು ಪೈಪು ತೆಗೆಯುತ್ತ ಮಲ್ಲೇಶನಿಗಷ್ಟೇ ಕೇಳುವಂತೆ ಅಂದ, "ಯಾಕಣ್ಣ ಹೇಳಾಕೋದ್ರಿ? ನಾನ್ ಮುಚ್ಚಾಕಿದ್ನಲ್ಲ."

"ಅದಕ್ಕೇ ಹೇಳಿದ್ದು."

ಪ್ರದೀಪನಿಗೆ ಎಷ್ಟು ಅರ್ಥವಾಯಿತೋ. ಪಟ್ಟಿಯನ್ನು ಜೇಬಿಂದ ತೆಗೆದು ಗುಜರಿ ಡಬ್ಬಕ್ಕೆ ಎಸೆದು ಮತ್ತೆ ಕಾರಿನ ಕೆಳಗೆ ಹೋದ.

ಕೆಲಸ ಮುಗಿದು ಮಲ್ಲೇಶ ಹೊರಡೋಣವೆಂದು ತಿರುಗಿದರೆ ಕಾವ್ಯಶ್ರೀ ಆಗಲೇ ಕಾರಿನಲ್ಲಿದ್ದಳು. ಬಲಗಡೆಯ ಸೀಟಿನಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯಿಂದ ಅಂಗೈ ಹೊರಗೆ ಚಾಚಿದ್ದಳು. "ಕೀ" ಎಂದಳು, ಅಷ್ಟೇ. ಅವನು ಜೇಬಿನಿಂದ ತೆಗೆದು ಕೊಟ್ಟ. ಸುತ್ತಿಕೊಂಡು ಬಂದು ಎಡಗಡೆ ಕೂತ. ಈ ಕಾರಿನಲ್ಲಿ ಆ ಕಡೆ ಅವನು ಎಂದೂ ಕೂತಿರಲಿಲ್ಲ. ಕಾಲು ಎಲ್ಲಿಡಬೇಕು ಅಂತಲೂ ತಿಳಿಯಲಿಲ್ಲ.

ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ತಲೆಯ ಮೇಲಿನ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿದಳು. ಅದರಲ್ಲಿ ಈಗ ಏನು ಕಾಣುತ್ತದೆಂದು ಮಲ್ಲೇಶನಿಗೆ ತಿಳಿಯುವಂತಿರಲಿಲ್ಲ, ಅವನ ಕಡೆಗೆ ಬರೀ ಅದರ ಅಂಚು. ಹಿಂದೆ ಶೆಡ್ಡಿನ ಬಾಗಿಲಲ್ಲಿ ಪ್ರದೀಪ್ ಒದ್ದೆ ಅಂಗಿಯಲ್ಲೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು. ಕಾವ್ಯಶ್ರೀ ಕಣ್ಣೆತ್ತಿ ಕನ್ನಡಿಯೊಳಗೆ ಒಮ್ಮೆ ನೋಡಿದಳು. ನೋಡಲೇಬೇಕಿತ್ತು, ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅದು ದಾಟಿ ಹೋಗುವವರೆಗೆ ಕಾದು, ಗೇರ್ ಹಾಕಿ, ದುರ್ಗದ ಕಡೆಗೆ ತಿರುಗಿಸಿದಳು.