ರೇಡಿಯೋ ಬರೆದ ಕತೆ

"ಕತ್ತಿನ ಗುಂಡಿ ಹಾಕ್ಬೇಡಿ ಅಕ್ಕಾ. ಅವರು ಯಾವತ್ತೂ ಹಾಕ್ತಿರ್ಲಿಲ್ಲ. ಗಂಟಲು ಕಟ್ಟಿದ ಹಾಗಾಗುತ್ತೆ ಅಂತಿದ್ರು."

ಸಿಸ್ಟರ್ ಆಗಷ್ಟೇ ಹಾಕಿದ್ದ ಗುಂಡಿಯನ್ನು ಮತ್ತೆ ಬಿಚ್ಚಿದಳು. ಬೆರಳುಗಳು ಈಗ ಮೊದಲಿನ ಹಾಗೆ ಮಾತು ಕೇಳುವುದಿಲ್ಲ. ಯುದ್ಧಕಾಲದ ಆಸ್ಪತ್ರೆಯಲ್ಲಿ ದಾದಿಯಾಗಿ ಎಷ್ಟು ಜನರ ಅಂಗಿ ಬಿಚ್ಚಿದ್ದಳೋ, ಎಷ್ಟು ಜನರಿಗೆ ಕೊನೆಯ ಸಲ ತೊಡಿಸಿದ್ದಳೋ. ನಿವೃತ್ತಿಯಾದ ಮೇಲಾದರೂ ಈ ಕೆಲಸ ತಪ್ಪಿತು ಎಂದುಕೊಂಡಿದ್ದಳು. ಎಲ್ಲಿ ತಪ್ಪುತ್ತದೆ! ಗೊತ್ತಿದ್ದವರ ಮನೆಯಲ್ಲಿ ಸಾವಾದರೆ ಮೊದಲು ಫೋನ್ ಬರುವುದು ಇವಳಿಗೇ. ಬೆಳಗಿನಿಂದ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು.

ಮಂಚದ ಮೇಲೆ ಮಲಗಿದ್ದವನನ್ನು ಗೆಳೆಯರು ರೇಡಿಯೋ ಎನ್ನುತ್ತಿದ್ದರು. ಯುದ್ಧದಲ್ಲಿ ಅವನು ವೈರ್‌ಲೆಸ್ ಹಿಡಿದು ಕೂತವನು. ಆಮೇಲೆ ಕೂದಲು ಹಣ್ಣಾಗುವವರೆಗೆ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಹೇಳಿದವನು. ಅವನ ದನಿ ಕೇಳದವರು ಆ ಊರಿನಲ್ಲಿ ಇರಲಿಲ್ಲ. ಮುಖ ಕಂಡವರು ಮಾತ್ರ ಹೆಚ್ಚಿರಲಿಲ್ಲ.

ಗುಂಡಿ ಬೇಡವೆಂದಿದ್ದ ಹೆಂಡತಿ ಅವನ ಕನ್ನಡಕವನ್ನು ಬೆಳಗಿನಿಂದ ಅಂಗೈಯಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದಳು. ಈಗ ಹತ್ತಿರ ಬಂದು ದನಿ ತಗ್ಗಿಸಿದಳು.

"ಅಕ್ಕಾ, ಮಧ್ಯಾಹ್ನ ಸ್ಮಶಾನದ ಹಾಲ್‌ನಲ್ಲಿ ನಾಲ್ಕು ಮಾತಾಡೋಕೆ ಬಿಡ್ತಾರಂತೆ. ಅವರು ಬರೆದದ್ದು ಯಾವುದಾದ್ರೂ ಒಂದನ್ನ ನೀವ್ಯಾರಾದ್ರೂ ಓದಿ. ಮನೇಲಿ ಒಂದು ಹಾಳೆನೂ ಇಟ್ಟಿಲ್ಲ ಮಹಾರಾಯ. ಎಲ್ಲ ನಿಮ್ಮ ಹತ್ರಾನೇ ಇರ್ಬೇಕು."

"ಇರುತ್ತೆ ಬಿಡು, ಓದೋಣ," ಎಂದಳು ಸಿಸ್ಟರ್. ಯೋಚನೆಯನ್ನೇನೂ ಮಾಡಲಿಲ್ಲ.

"ಭಾವನೋರ ಎದುರಿಗೇ ಓದ್ಬೇಕು ಅಕ್ಕಾ."

ಭಾವನೋರು ಎಂದರೆ ರೇಡಿಯೋನ ಅಣ್ಣ, ಪೀಠೋಪಕರಣದ ಅಂಗಡಿಯವನು. ಬಾಗಿಲಲ್ಲಿ ನಿಂತು ಪಕ್ಕದ ಮನೆಯವನಿಗೆ ಹೇಳುತ್ತಿದ್ದುದು ಒಳಗೆಲ್ಲ ಕೇಳುತ್ತಿತ್ತು. "ಬಸ್ಸಿನ ಹೆಸರು ಕೂಗ್ಕೊಂಡು ಬದುಕಿದೋನು ಕಣಯ್ಯಾ, ಕೊನೆಗಾಲಕ್ಕೆ ದೊಡ್ಡ ಸಾಹಿತಿ ಆಗೋಕೆ ಹೊರಟಿದ್ದ. ಶನಿವಾರ ಬಂತೂಂದ್ರೆ ಮುಗೀತು, ಮನೇಲಿ ಹೆಣ ಬಿದ್ರೂ ತಿರುಗಿ ನೋಡ್ತಿರ್ಲಿಲ್ಲ." ಹೆಣ ಒಳಗೇ ಇದೆ ಎಂಬುದು ಆಮೇಲೆ ಹೊಳೆಯಿತೋ ಏನೋ, ಕೆಮ್ಮಿ ಸುಮ್ಮನಾದ.

"ಕೇಳಿದ್ರಲ್ಲ," ಎಂದಳು ಹೆಂಡತಿ. "ನನ್ನ ತಂಗಿ ಮದುವೆ ಶನಿವಾರ ಬಿತ್ತು. ನಾನೊಬ್ಬಳೇ ಹೋದೆ. ಬರೆಯೋರಿಗೆ ತೊಂದ್ರೆ ಕೊಡ್ಬಾರ್ದು ಅಂತ. ಮನೆಗೆ ಬಂದ್ರೆ ಊಟ ಬೇಡ, ಮಾತು ಬೇಡ, ಗೋಡೆ ಕಡೆ ತಿರುಗಿ ಮಲಗ್ತಿದ್ರು. ಇವತ್ತು ಏನೋ ಭಾರದ್ದು ಬರೆದಿದಾರೆ ಅಂದ್ಕೊಂಡು ನಾನೇ ದೀಪ ಆರಿಸ್ತಿದ್ದೆ. ನಿದ್ದೇಲೂ 'ಕೇಳಿಸ್ತಿದೆ, ಹೇಳಿ... ಕೇಳಿಸ್ತಿದೆ, ಹೇಳಿ' ಅಂತ ಅದೇ ಬಡಬಡಿಕೆ. ಅಷ್ಟು ಕಷ್ಟಪಟ್ಟು ಏನು ಬರೆದ್ರು ಅಂತ ನಂಗೂ ಗೊತ್ತಾಗ್ಬೇಕಲ್ವಾ ಅಕ್ಕಾ?"

*

ಬಸ್ ನಿಲ್ದಾಣದ ಹಿಂದೆ, ಕಳೆದುಹೋದ ಸಾಮಾನು ಇಡುವ ಕೋಣೆಯಲ್ಲಿ, ಯುದ್ಧ ಕಂಡು ಬಂದ ಅವರೆಲ್ಲ ಶನಿವಾರ ಶನಿವಾರ ಸೇರುತ್ತಿದ್ದರು. ರೇಡಿಯೋ ಹೇಳಿ ಕೊಡಿಸಿದ ಜಾಗ. ಗೋಡೆ ತುಂಬ ಹಲಗೆ, ಹಲಗೆ ತುಂಬ ಕೊಡೆ, ಒಂಟಿ ಚಪ್ಪಲಿ, ಮಕ್ಕಳ ಟೋಪಿ, ಯಾರೋ ಮರೆತುಹೋದ ಊರುಗೋಲು. "ಕೋಲು ಬಿಟ್ಟು ಹೋದವನು ನಡೆದದ್ದು ಹೇಗೆ?" ಎಂದು ಸೌಟು ಪ್ರತಿ ಶನಿವಾರ ಕೇಳುತ್ತಿದ್ದ. ಸೌಟು ಎಂದರೆ ಸೈನ್ಯದ ಅಡುಗೆಯವನು. ಇನ್ನೊಬ್ಬ ಟ್ಯಾಂಕು, ಟ್ಯಾಂಕ್ ಓಡಿಸಿ ಎಡಗಿವಿ ಕಿವುಡಾದವನು. ಮೊದಲು ಇನ್ನೂ ಐದಾರು ಜನ ಇದ್ದರು. ಒಬ್ಬೊಬ್ಬರಾಗಿ ಮುಗಿದರು.

ಬರೆಯಿರಿ, ಹಗುರಾಗುತ್ತದೆ ಎಂದು ಯುದ್ಧದಿಂದ ಬಂದವರನ್ನು ನೋಡುತ್ತಿದ್ದ ಡಾಕ್ಟರ್ ಹೇಳಿದ್ದರು. 'ನಾನು' ಎಂದು ಬರೆಯಲು ಆಗದಿದ್ದರೆ 'ಅವನು' ಎಂದು ಬರೆಯಿರಿ, ಕತೆ ಮಾಡಿ. ಮೊದಲ ವಾರ ಸೌಟು ತನ್ನದನ್ನು ಓದಲು ಎದ್ದು ನಿಂತ. ಮೂರನೆಯ ಸಾಲಿನಿಂದ ಮುಂದಕ್ಕೆ ಓದಲಾಗಲಿಲ್ಲ. ಆಗ ರೇಡಿಯೋ ಎದ್ದು, ಮಾತಿಲ್ಲದೆ ಅವನ ಕೈಯಿಂದ ಹಾಳೆ ತೆಗೆದುಕೊಂಡು ತಾನೇ ಓದಿದ. ಆ ದನಿಯಲ್ಲಿ ಕೇಳಿದಾಗ ಸೌಟಿನ ಯುದ್ಧ ಎಲ್ಲೋ, ಯಾರಿಗೋ ಆದದ್ದರ ಹಾಗಿತ್ತು. ಸೌಟು ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾರಿಗೂ ಕಾಣದ ಹಾಗೆ ಅತ್ತ.

ಅಂದಿನಿಂದ ಅದೇ ಪದ್ಧತಿಯಾಯಿತು. ಬರೆದವರು ಓದುವಂತಿಲ್ಲ. ಬರೆದವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ರೇಡಿಯೋ ಓದಬೇಕು. ನಿಜವಾಗಿ ನಡೆದದ್ದೇ ಎಂದು ಯಾರೂ ಕೇಳುವಂತಿಲ್ಲ. ಓದುವವನ ಬಲಗೈ ಹತ್ತಿರ ಸೌಟು ಒಂದು ಲೋಟ ನೀರು ಇಡುತ್ತಿದ್ದ. ಕತೆಯಲ್ಲಿ ಎಲ್ಲಿ ತಡೆಯಲಾಗುವುದಿಲ್ಲವೋ ಅಲ್ಲಿಗೆ ಬಂದಾಗ ರೇಡಿಯೋ ನಿಲ್ಲಿಸಿ ಒಂದು ಗುಟುಕು ಕುಡಿಯುತ್ತಿದ್ದ. ಬಾಯಾರಿ ಅಲ್ಲ. ಕಿಟಕಿಯ ಹತ್ತಿರ ಕೂತವರಿಗೆ ಉಸಿರಾಡಲು ಸಮಯ ಕೊಡುತ್ತಿದ್ದ. ಇನ್ನೂ ಬರೆಯಲಾಗದವರು ಬಾಯಲ್ಲೇ ಹೇಳಲು ಹೋಗಿ ತಡವರಿಸಿದರೆ, "ಕೇಳಿಸ್ತಿದೆ, ಹೇಳಿ" ಎನ್ನುತ್ತಿದ್ದ. ವೈರ್‌ಲೆಸ್ಸಿನ ಚಾಳಿ ಎಂದು ಎಲ್ಲರೂ ನಗುತ್ತಿದ್ದರು.

"ನಿಮ್ಮದು ಯಾವಾಗ?" ಎಂದು ಸಿಸ್ಟರ್ ಒಮ್ಮೆ ಕೇಳಿದ್ದಳು.

"ಮೊದಲು ನಿಮ್ಮದೆಲ್ಲ ಮುಗೀಲಿ," ಎಂದಿದ್ದ.

ಅವರದೆಲ್ಲ ಎಲ್ಲಿ ಮುಗಿಯಬೇಕು.

*

ಹಿತ್ತಲಿನಲ್ಲಿ ಬಾಡಿಗೆಗೆ ತಂದ ಕುರ್ಚಿಗಳ ಮೇಲೆ ಸೌಟು ಮತ್ತು ಟ್ಯಾಂಕು ಕೂತಿದ್ದರು. ಸಿಸ್ಟರ್ ಹೋಗಿ ಇಬ್ಬರ ನಡುವೆ ದೊಪ್ಪನೆ ಕೂತಳು.

"ರೇಡಿಯೋ ಬರೆದದ್ದು ಯಾರ ಹತ್ರ ಇದೆ ಕೊಡ್ರಪ್ಪಾ. ಓದ್ಬೇಕಂತೆ."

"ಸೌಟಿನ ಹತ್ರ," ಎಂದ ಟ್ಯಾಂಕು.

"ನನ್ನ ಹತ್ರ ಎಲ್ಲಿದೆ? ಸಿಸ್ಟರ್, ನಿಮ್ಮ ಹತ್ರ ಅಲ್ವಾ?"

"ನನ್ನ ಹತ್ರ ಇದ್ದಿದ್ರೆ ನಿನ್ನ ಯಾಕೆ ಕೇಳ್ಲಿ?"

"ನಾನು ಕಣ್ಣಿನ ಆಪರೇಶನ್‌ಗೆ ಹೋಗಿದ್ದಾಗ ನೀವಿಬ್ರು ಓದಿರ್ತೀರ ಅಂದ್ಕೊಂಡಿದ್ದೆ," ಎಂದ ಟ್ಯಾಂಕು.

"ನಾನು ಮಗಳ ಮನೆಗೆ ಹೋಗಿದ್ದಾಗ ಆಗಿರ್ಬೇಕು ಅಂತ ನಾನು," ಎಂದ ಸೌಟು.

ಮದುವೆಮನೆಗೆ ಎಲ್ಲರೂ ಬಂದು, ಗಂಡನ್ನು ಕರೆತರುವುದನ್ನೇ ಮರೆತ ಹಾಗಾಗಿತ್ತು. ಬರೆದವರು ಓದುವಂತಿಲ್ಲ ಎಂದ ಮೇಲೆ ರೇಡಿಯೋ ಓದಿದ್ದೆಲ್ಲ ಬೇರೆಯವರದೇ. ಹಾಗಾದರೆ ಅವನದನ್ನು ಓದುವವರು ಯಾರು? ಪದ್ಧತಿ ಮಾಡಿದಾಗ ಅದು ಯಾರ ತಲೆಗೂ ಬಂದಿರಲಿಲ್ಲ.

"ಅಂದ್ರೆ ಬರೆದೇ ಇಲ್ಲ," ಎಂದ ಸೌಟು ಮೆಲ್ಲಗೆ.

"ಹೋಗ್ಲಿ, ಅವನ ಯುದ್ಧದ ಬಗ್ಗೆ ನಮಗೆ ಗೊತ್ತಿದ್ದದ್ದನ್ನೇ ಹೇಳಿಬಿಡೋಣ," ಎಂದಳು ಸಿಸ್ಟರ್.

ಯೋಚಿಸಿದರು. ಅವನು ಯಾವ ಗುಡ್ಡದ ಮೇಲಿದ್ದ? ಕಿವಿಗೆ ಆ ಯಂತ್ರ ಕಟ್ಟಿಕೊಂಡು ಯಾರ ಕೂಗು ಕೇಳಿಸಿಕೊಂಡ? ಕೂಗಿದವರು ಉಳಿದರೇ? ಮೂವರಿಗೂ ಗೊತ್ತಿಲ್ಲ. ಟ್ಯಾಂಕಿನ ಜೊತೆಗಾರ ಒಳಗೇ ಸುಟ್ಟುಹೋದದ್ದು ರೇಡಿಯೋಗೆ ಗೊತ್ತಿತ್ತು. ಸೌಟು ಹಸಿದ ಕೈದಿಗಳ ಮುಂದೆ ಉಳಿದ ಅನ್ನವನ್ನು ಮಣ್ಣಿಗೆ ಸುರಿದದ್ದು ಗೊತ್ತಿತ್ತು. ಎಲ್ಲರದನ್ನೂ ಬಾಯಿಗೆ ಹಾಕಿಕೊಂಡು, ಹೊಟ್ಟೆಗೆ ಹಾಕಿಕೊಂಡು, ಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಸಿಸ್ಟರ್‌ಗೆ ನಾಚಿಕೆಯಾಯಿತು. ಸತ್ತವನ ಮೇಲೆ ಸಿಟ್ಟೂ ಬಂತು. ಒಂದು ಸಲವಾದರೂ ಹೇಳಬಾರದಿತ್ತೇ, ನನ್ನದೂ ಒಂದಿದೆ, ಕೇಳಿ ಎಂದು?

"ಈಗ ಇದೆಲ್ಲ ಆ ಹೆಣ್ಣುಮಗಳಿಗೆ ಹೇಗೆ ಹೇಳೋದು?" ಎಂದ ಸೌಟು. "ಇಷ್ಟು ವರ್ಷ ಆಕೆ ಕಾದದ್ದು ಬರಿಯ ಗಾಳಿಗೋಪುರ ಅಂತಲಾ?"

ಟ್ಯಾಂಕು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಕತೆ ಕಟ್ಟೋಕೆ ನಮಗೇನು ಬರಲ್ವಾ? ಸಿಸ್ಟರ್, ನಿಮ್ಮದೇ ಒಂದನ್ನ ಅವನ ಹೆಸರಲ್ಲಿ ಓದಿಬಿಡಿ. ಸತ್ತೋನು ಎದ್ದು ಬಂದು ನಂದಲ್ಲ ಅಂತಾನಾ?"

"ಅದು ಮೋಸ ಅಲ್ವೇನೋ?"

"ಮೋಸ ಅಲ್ಲ, ಮುಲಾಮು."

ಸಿಸ್ಟರ್‌ನ ಕೈಚೀಲದಲ್ಲಿ ನಾಲ್ಕಾಗಿ ಮಡಿಸಿದ ಹಾಳೆ ಇತ್ತು. ಬಡಗಿಯ ಕತೆ. ಹಿಂದೆ ಒಮ್ಮೆ ರೇಡಿಯೋ ಓದಿದ್ದ. ಮತ್ತೆ ತಿದ್ದಿ ಬರೆದು ಈ ಶನಿವಾರ ಕೊಡೋಣ ಎಂದು ಇಟ್ಟುಕೊಂಡಿದ್ದಳು.

"ದಾದಿ ಅಂತ ಇರೋ ಕಡೆ ವೈರ್‌ಲೆಸ್ಸಿನವನು ಅಂತ ಓದಿದ್ರಾಯ್ತು," ಎಂದ ಟ್ಯಾಂಕು.

ಬೇಡ ಎನ್ನಲೂ ಅವಳಲ್ಲಿ ತ್ರಾಣ ಇರಲಿಲ್ಲ. ಆಗಲಿ ಎಂದು ತಲೆಯಾಡಿಸಿದಳು.

*

ಆ ಸೈನಿಕ ಯುದ್ಧಕ್ಕೆ ಬರುವ ಮೊದಲು ಬಡಗಿಯಾಗಿದ್ದ. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಬಲಗೈಯನ್ನು ಹಿಂದಿನ ದಿನವೇ ಡಾಕ್ಟರು ಮೊಣಕೈಯ ಮೇಲಕ್ಕೆ ಕತ್ತರಿಸಿ ತೆಗೆದಿದ್ದರು.

"ಸಿಸ್ಟರ್, ನನ್ನ ಬಲಗೈ ಇದೆಯಾ?"

"ಇದೆ," ಎಂದಿದ್ದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ.

"ಹಾಗಾದ್ರೆ ಹಿಡ್ಕೊಳ್ಳಿ."

ಅವಳು ತನ್ನ ಎರಡು ಕೈಗಳನ್ನೂ ಒಂದಕ್ಕೊಂದು ಸೇರಿಸಿ ಬಿಗಿಯಾಗಿ ಹಿಡಿದುಕೊಂಡಳು. "ಹಿಡ್ಕೊಂಡಿದೀನಿ."

"ಹೌದು," ಎಂದ ಬಡಗಿ. "ಬೆಚ್ಚಗಿದೆ."

ಸಂಜೆಯೊಳಗೆ ತೀರಿಕೊಂಡ. ಸುಳ್ಳನ್ನು ನಂಬಿಕೊಂಡೇ ಹೋದ. ಪುಣ್ಯದ ಕೆಲಸ ಎಂದರು ಕೆಲವರು. ಸಿಸ್ಟರ್‌ಗೆ ಮಾತ್ರ ಆ ಕೈ ಇವತ್ತಿಗೂ ತನ್ನ ಕೈಯಲ್ಲೇ ಉಳಿದ ಹಾಗಿದೆ, ಎಲ್ಲಿ ಇಳಿಸುವುದೆಂದು ಗೊತ್ತಿಲ್ಲ.

*

ಸ್ಮಶಾನದ ಹಾಲ್‌ನಲ್ಲಿ ಬಣ್ಣ ಮಾಸಿದ ಬೆಂಚುಗಳು, ಒಂದು ಎತ್ತರದ ಮೇಜು, ಪಕ್ಕದಲ್ಲಿ ಒಂದು ಕಿಟಕಿ. ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಭಾವ. ಬೇಗ ಮುಗಿಸಿ, ಇನ್ನೊಬ್ಬರು ಬರುವುದಿದೆ ಎಂದು ಅಲ್ಲಿನ ಕೆಲಸದವನು ಆಗಲೇ ಎರಡು ಸಲ ಹೇಳಿ ಹೋಗಿದ್ದ. ಸಾವಿನ ಮನೆಯಲ್ಲೂ ಸರದಿ ತಪ್ಪಿದ್ದಲ್ಲ.

ಸಿಸ್ಟರ್ ಮೇಜಿನ ಹಿಂದೆ ನಿಂತು ಹಾಳೆ ಬಿಡಿಸಿದಳು. ಹೆಂಡತಿ ಇಡೀ ಮೈಯನ್ನೇ ಕಿವಿ ಮಾಡಿಕೊಂಡು ಕೂತಿದ್ದಳು. ಭಾವ ಕೈಕಟ್ಟಿಕೊಂಡು ಸೂರು ನೋಡುತ್ತಿದ್ದ.

"ಇದು ರೇಡಿಯೋ..." ಎಂದು ಶುರುಮಾಡಿದಳು. "ಇದು ರೇಡಿಯೋ ಬರೆದ..."

ಮುಂದಕ್ಕೆ ಬಾಯಿ ಬರಲಿಲ್ಲ. ಅದೇ ಮುಖ. ಇದೆಯಾ ಸಿಸ್ಟರ್ ಎಂದು ಕೇಳಿದ ಬಡಗಿಯ ಮುಖವೇ ಮುಂದಿನ ಸಾಲಿನಲ್ಲಿತ್ತು. ಇದೆ ಎಂದುಬಿಟ್ಟರೆ ಈ ಹೆಣ್ಣೂ ನಂಬುತ್ತಾಳೆ. ಇನ್ನೊಂದು ಇಲ್ಲದ ಕೈಯನ್ನು ಹೊತ್ತು ತಿರುಗುವ ಶಕ್ತಿ ಈ ಮುದುಕಿಗಿಲ್ಲ.

"ಇಲ್ಲಮ್ಮಾ," ಎಂದಳು. "ಇದು ಅವನು ಬರೆದದ್ದಲ್ಲ. ಅವನು ಒಂದಕ್ಷರವೂ ಬರೀಲಿಲ್ಲ. ಬರೆದದ್ದೆಲ್ಲ ನಾವು. ನಮ್ಮ ಬಾಯಲ್ಲಿ ಬರ್ತಿರ್ಲಿಲ್ಲ, ಅವನು ಓದ್ತಿದ್ದ. ಶನಿವಾರ ಮನೆಗೆ ಹೊತ್ಕೊಂಡು ಬರ್ತಿದ್ನಲ್ಲ, ಅದು ನಮ್ಮ ಭಾರ. ಅವನದೇನಿತ್ತು ಅಂತ ನಾವು ಕೇಳ್ಲೇ ಇಲ್ಲ. ತಪ್ಪಾಯ್ತು."

ಬೆಂಚುಗಳು ಕಿರುಗುಟ್ಟಿದವು. "ನಾನು ಹೇಳ್ಲಿಲ್ವಾ," ಎಂದ ಭಾವ, ಯಾರಿಗೂ ಅಲ್ಲದ ಹಾಗೆ. ಟ್ಯಾಂಕು ತನ್ನ ಕೇಳದ ಕಿವಿಯನ್ನು ಅವನ ಕಡೆ ಮಾಡಿಕೊಂಡು ಕೂತ. ಹೆಂಡತಿಯ ಮುಖ ಬಿಳಿಚಿಕೊಂಡಿತು. ಕನ್ನಡಕ ಹಿಡಿದ ಮುಷ್ಟಿ ಬಿಗಿಯಾಯಿತು.

"ಇದು ನನ್ನದು," ಎಂದಳು ಸಿಸ್ಟರ್. "ಅವನು ಓದ್ತಿದ್ದದ್ದು ಇಂಥದನ್ನೇ. ನೀನು ಕೇಳ್ಬೇಕು."

ಬರೆದವರು ಓದುವಂತಿಲ್ಲ ಎಂಬ ಪದ್ಧತಿಯನ್ನು ಮೊದಲ ಸಲ ಮುರಿದಳು. "ಅವನು ಬಡಗಿಯಾಗಿದ್ದ. ಅವನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಎಚ್ಚರವಾದ ಕೂಡಲೇ ದಾದಿಯನ್ನು ಕೇಳಿದ..."

ಅಲ್ಲಿಗೆ ಓದು ನಿಂತಿತು. ಮತ್ತೆ ಶುರುಮಾಡಿದಳು, ಮತ್ತೆ ಅಲ್ಲಿಯೇ ನಿಂತಿತು. ಅಕ್ಷರಗಳು ಕಲೆಸಿಹೋದವು. ಬಾಗಿಲಲ್ಲಿ ಕೆಲಸದವನು ಗಡಿಯಾರ ನೋಡಿಕೊಂಡ. ಯಾಕಾದರೂ ಬಂದೆನೋ ಎನಿಸಿತು ಸಿಸ್ಟರ್‌ಗೆ.

"ಕೇಳಿಸ್ತಿದೆ," ಎಂದಿತು ಮುಂದಿನ ಸಾಲಿನಿಂದ ಒಂದು ಒಡೆದ ದನಿ. "ಹೇಳಿ ಅಕ್ಕಾ."

ಆದರೂ ಆಗಲಿಲ್ಲ.

ಆಗ ಹೆಂಡತಿ ಎದ್ದಳು. "ಕೂತ್ಕೋಮ್ಮಾ," ಎಂದು ಭಾವ ತೋಳು ಹಿಡಿಯಲು ಬಂದ. ಬಿಡಿಸಿಕೊಂಡು ಮೇಜಿನ ಹತ್ತಿರ ಬಂದಳು. ಮುಷ್ಟಿ ಬಿಚ್ಚಿ ಗಂಡನ ಕನ್ನಡಕವನ್ನು ಮೂಗಿನ ಮೇಲೆ ಇಟ್ಟುಕೊಂಡಳು. ಅದು ಅವಳಿಗೆ ದೊಡ್ಡದಾಗಿತ್ತು, ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಇನ್ನೊಂದು ಕೈಯಿಂದ, ಮಾತಿಲ್ಲದೆ, ಸಿಸ್ಟರ್‌ನ ಕೈಯಲ್ಲಿದ್ದ ಹಾಳೆಯನ್ನು ತೆಗೆದುಕೊಂಡಳು.

ಸಿಸ್ಟರ್ ತಾನಾಗಿಯೇ ಕಿಟಕಿಯ ಕಡೆ ತಿರುಗಿ ನಿಂತಳು.

"ಸಿಸ್ಟರ್, ನನ್ನ ಬಲಗೈ ಇದೆಯಾ?" ಎಂದು ಹೆಂಡತಿ ಓದಿದಳು. ಸಂತೆಯಲ್ಲಿ ಕೂಗಿದರೂ ಕೇಳದಷ್ಟು ಸಣ್ಣ ದನಿ ಅವಳದು. ತಡವರಿಸುತ್ತ, ಬೆರಳಿಟ್ಟು ಹುಡುಕುತ್ತ, ಒಂದೊಂದೇ ಸಾಲು ಓದಿದಳು. ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿದರು. 'ಹೌದು' ಎಂಬಲ್ಲಿಗೆ ಬಂದು, ಮುಂದಿನ ಮಾತು ಕಣ್ಣಿಗೆ ಬಿದ್ದದ್ದೇ, ನಿಂತುಬಿಟ್ಟಳು.

ಸೌಟು ಯಾವಾಗ ಎದ್ದಿದ್ದನೋ. ಒಂದು ಲೋಟ ನೀರು ತಂದು, ಸದ್ದಾಗದ ಹಾಗೆ ಅವಳ ಬಲಗೈಯ ಹತ್ತಿರ ಇಟ್ಟು ಹೋದ.